ಬುಧವಾರದ ಕೊನೆಯ ಪೀರಿಯಡ್

ನಮ್ಮ ಶಾಲೆಗೆ ಹೊಸ ಪ್ರಿನ್ಸಿಪಾಲರು ಬರುತ್ತಾರೆಂದು ಗೊತ್ತಾದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ವಿಚಾರಿಸಿದ್ದು ಒಂದೇ ಮಾತು: ತುಂಬಾ ಸ್ಟ್ರಿಕ್ಟಾ? ಅವರು ವಿಲ್ಸನ್ ಗಾರ್ಡನ್‌ನಲ್ಲಿರುವ ನಮ್ಮದೇ ಟ್ರಸ್ಟಿನ ಪ್ರೈಮರಿ ಶಾಲೆಯಿಂದ ಬರುತ್ತಿದ್ದಾರೆ, ಇಷ್ಟು ವರ್ಷವೂ ಚಿಕ್ಕ ಮಕ್ಕಳಿಗೆ ಪಾಠ ಮಾಡಿದವರು ಎಂದು ಆಫೀಸಿನವರು ಹೇಳಿದರು. ಅದನ್ನು ಕೇಳಿ ಹೈಸ್ಕೂಲಿನ ನಾವು ಕೆಲವರು ಮುಖ ಮುಖ ನೋಡಿಕೊಂಡೆವು.

"ಪ್ರೈಮರಿ ಮಿಸ್ ಬಂದು ನಮ್ಗೆ ಟೆಂತ್ ರಿಸಲ್ಟ್ ಬಗ್ಗೆ ಹೇಳ್ತಾರಾ?" ಎಂದು ನನ್ನ ಪಕ್ಕದಲ್ಲಿ ಕೂರುತ್ತಿದ್ದ ವಿಜ್ಞಾನದ ಟೀಚರ್ ಮೆಲ್ಲಗೆ ಕೇಳಿದಳು. ಅವಳು ಕೆಲಸಕ್ಕೆ ಸೇರಿ ಆಗಿನ್ನೂ ಎರಡು ವರ್ಷ. ನಾನು ಸೇರಿ ಹದಿನೈದು ವರ್ಷದ ಮೇಲಾಗಿತ್ತು. ಏಳನೇ ಕ್ಲಾಸಿನಿಂದ ಹತ್ತರವರೆಗೆ ಗಣಿತದ ಮಿಸ್ ನಾನೇ.

ಬನಶಂಕರಿಯ ಒಂದು ಅಡ್ಡರಸ್ತೆಯಲ್ಲಿ, ಒಂದನೇ ಕ್ಲಾಸಿನಿಂದ ಹತ್ತರವರೆಗಿನ ನಮ್ಮ ಶಾಲೆ. ಮೂರು ಮಹಡಿ, ಮುಂದೆ ಒಂದಿಷ್ಟು ಅಂಗಳ, ಅಂಗಳದಲ್ಲಿ ಒಂದು ಹೊಂಗೆಮರ. ಅರ್ಧದಷ್ಟು ಮಕ್ಕಳು ಆಫೀಸಿಗೆ ಹೋಗುವವರ ಮನೆಯಿಂದ ಬರುತ್ತಿದ್ದರು. ಇನ್ನರ್ಧ, ಹಿಂದೆ ಅಲ್ಲೇ ಹೊಲ ಉಳುತ್ತಿದ್ದು, ಹೊಲ ಲೇಔಟ್ ಆದಮೇಲೆ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟವರ ಮನೆಯ ಮಕ್ಕಳು. ಆನ್‌ಲೈನ್ ಕ್ಲಾಸುಗಳ ಕಾಲ ಮುಗಿದು ಮಕ್ಕಳು ಶಾಲೆಗೆ ಮರಳಿ ಒಂದು ವರ್ಷ ಕಳೆದಿತ್ತು. ಮಕ್ಕಳು ಬೆಂಚಿನ ಮೇಲೆ ಕೂತಿದ್ದರೂ ಪಾಠದಲ್ಲಿ ಇರುತ್ತಿರಲಿಲ್ಲ. ನಾವೆಲ್ಲ ಅದನ್ನು ಕಂಡಿದ್ದೆವು. ಆದರೆ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿರಲಿಲ್ಲ. ಹೇಳಿದರೆ ತನಗೆ ಕ್ಲಾಸ್ ಹಿಡಿತಕ್ಕೆ ಸಿಗುತ್ತಿಲ್ಲ ಎಂದು ಒಪ್ಪಿಕೊಂಡಂತಾಗುತ್ತದೆ ಎಂಬ ಅಂಜಿಕೆ.

ಹಿಂದಿನ ಪ್ರಿನ್ಸಿಪಾಲರು ಕೆಟ್ಟವರಲ್ಲ. ಆದರೆ ಅವರ ಕಾಲದಲ್ಲಿ ಯಾರಾದರೂ ನಮ್ಮ ಕ್ಲಾಸಿಗೆ ಬಂದು ಕೂತರೆಂದರೆ ಅದು ಇನ್‌ಕ್ರಿಮೆಂಟಿನ ಸಮಯ ಎಂದೇ ಅರ್ಥ. ಉಳಿದ ದಿನ ಅವರು ಕಾರಿಡಾರಿನಲ್ಲಿ ನಡೆದು ಬಂದು, ಕಿಟಕಿಯಲ್ಲಿ ಒಮ್ಮೆ ನೋಡಿ, ಮುಂದೆ ಹೋಗುತ್ತಿದ್ದರು. ಅವರ ಬೂಟಿನ ಸದ್ದಿಗೆ ಮಕ್ಕಳಿಗಿಂತ ಮೊದಲು ನಾವು ಸೆಟೆದು ನಿಲ್ಲುತ್ತಿದ್ದೆವು.

ಹೊಸ ಮೇಡಂ ಬಂದರು. ಐವತ್ತು ದಾಟಿದವರು, ಕುಳ್ಳಗಿನ ಮೈಕಟ್ಟು, ಕಾಟನ್ ಸೀರೆ, ಮಂಡಿನೋವಿನಿಂದ ಮೆಟ್ಟಿಲನ್ನು ಒಂದೊಂದಾಗಿ ಹತ್ತುತ್ತಿದ್ದರು. ಮೊದಲ ಮೀಟಿಂಗಿನಲ್ಲಿ ರಿಸಲ್ಟಿನ ಮಾತೆತ್ತಲಿಲ್ಲ. "ಈ ವಾರ ಪಾಠ ಮಾಡ್ತಾ ನಿಮಗೆ ಎಲ್ಲಿ ಕಷ್ಟ ಆಯ್ತು, ಒಬ್ಬೊಬ್ರೂ ಒಂದೊಂದು ಹೇಳ್ತೀರಾ?" ಎಂದು ಕೇಳಿದರು.

ಒಬ್ಬರು, ಪ್ರೊಜೆಕ್ಟರ್ ಸರಿಯಿಲ್ಲ ಎಂದರು. ಇನ್ನೊಬ್ಬರು ಪೇರೆಂಟ್ಸ್ ಕೋಆಪರೇಟ್ ಮಾಡುವುದಿಲ್ಲ ಎಂದರು.

"ಸರಿ, ನಾನೇ ಶುರು ಮಾಡ್ತೀನಿ," ಎಂದರು ಮೇಡಂ. "ನಂಗೆ ದೊಡ್ಡ ಕ್ಲಾಸ್ ಮಕ್ಕಳಿಗೆ ಪಾಠ ಮಾಡೋ ಅಭ್ಯಾಸ ಇಲ್ಲ. ಅವರ ಮುಂದೆ ನಿಂತ್ರೆ ಏನು ಮಾತಾಡ್ಬೇಕು ಅಂತ ಹೊಳೆಯಲ್ಲ. ನೀವು ನಂಗೆ ಹೇಳ್ಕೊಡ್ಬೇಕು."

ಅದನ್ನು ನಾವು ಯಾರೂ ನಿಜವೆಂದು ತೆಗೆದುಕೊಳ್ಳಲಿಲ್ಲ. ಮೊದಲ ಮೀಟಿಂಗಿನಲ್ಲಿ ಎಲ್ಲರೂ ಹೀಗೆ ವಿನಯವಾಗಿ ಮಾತಾಡುತ್ತಾರೆ ಎಂದುಕೊಂಡೆವು.

ಆ ತಿಂಗಳು ಟ್ರಸ್ಟಿನವರು ಜಯನಗರದ ಒಂದು ಹೋಟೆಲಿನ ಹಾಲ್‌ನಲ್ಲಿ ನಮಗೆಲ್ಲ ಟ್ರೈನಿಂಗ್ ಇಟ್ಟರು. ವರ್ಷಕ್ಕೊಮ್ಮೆ ಅದು ಇದ್ದದ್ದೇ. ಚುರುಕಾದ ಯುವಕನೊಬ್ಬ ಮೈಕ್ ಹಿಡಿದು ನಮ್ಮ ಕೈಯಲ್ಲಿ ಬಲೂನ್ ಊದಿಸಿದ, ಕಣ್ಣು ಮುಚ್ಚಿಸಿ ನಮ್ಮ ಬಾಲ್ಯ ನೆನಪಿಸಿಕೊಳ್ಳಿ ಎಂದ, ದೊಡ್ಡ ತೆರೆಯ ಮೇಲೆ ಬಾಣದ ಗುರುತುಗಳ ಚಿತ್ರ ತೋರಿಸಿದ. ಕೊನೆಗೆ ಎಲ್ಲರಿಗೂ ಸರ್ಟಿಫಿಕೇಟು. ಹಿಂದಿನ ಪ್ರಿನ್ಸಿಪಾಲರು ದೀಪ ಹಚ್ಚಿ ಹೊರಟುಬಿಡುತ್ತಿದ್ದರು. ಈ ಮೇಡಂ ಮಾತ್ರ ಸಂಜೆವರೆಗೂ ನಮ್ಮ ಜೊತೆಯಲ್ಲೇ ಹಿಂದಿನ ಸಾಲಿನಲ್ಲಿ ಕೂತರು, ಬಲೂನನ್ನೂ ಊದಿದರು.

ಸೋಮವಾರ ಕಾರಿಡಾರಿನಲ್ಲಿ ಸಿಕ್ಕಿದಾಗ ನನ್ನನ್ನು ನಿಲ್ಲಿಸಿದರು. "ಮೊನ್ನೆ ಹೇಳಿದ್ರಲ್ಲ, ಅದ್ರಲ್ಲಿ ಇವತ್ತು ನಿಮ್ಮ ಕ್ಲಾಸಿಗೆ ಉಪಯೋಗಕ್ಕೆ ಬಂದಿದ್ದು ಏನು?"

"ಊಟ ಚೆನ್ನಾಗಿತ್ತು ಮೇಡಂ," ಎಂದುಬಿಟ್ಟೆ. ಆಡಿದಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಸಿಟ್ಟಾಗಲಿಲ್ಲ. ಗೋಡೆಗೆ ಕೈ ಊರಿ ಮನಸಾರೆ ನಕ್ಕರು. ನಂತರ, "ನಂಗೂ ಹಾಗೇ ಅನ್ನಿಸ್ತು. ಹಾಗಾದ್ರೆ ನಮ್ಗೆ ಬೇಕಾಗಿರೋದು ಏನು ಅಂತ ನಾವೇ ನೋಡ್ಬೇಕಲ್ಲ," ಎಂದು ಹೇಳಿ ಹೋದರು.

ಅದಾದ ವಾರ ಅವರು ನನ್ನ ಒಂಬತ್ತನೇ ಕ್ಲಾಸಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಆ ಕ್ಲಾಸನ್ನು ನಾನು ನಿದ್ದೆಯಲ್ಲೂ ಮಾಡಬಲ್ಲೆ. ಆದರೂ ಅವತ್ತು ಮಕ್ಕಳಿಗೆ ಪಾಠ ಮಾಡುವುದು ಬಿಟ್ಟು ಮೇಡಂಗೆ ಪಾಠ ಮಾಡಿದೆ. ಬೋರ್ಡಿನ ಮೇಲೆ ಅಕ್ಷರ ದುಂಡಗೆ ಬಂದವು, ಲೆಕ್ಕ ಬೇಗ ಬೇಗ ಮುಗಿದವು. ಅವರು ಏನನ್ನೂ ಬರೆದುಕೊಳ್ಳಲಿಲ್ಲ. ಸಂಜೆ ನಾನು ಬ್ಯಾಗ್ ಹೆಗಲಿಗೇರಿಸುತ್ತಿದ್ದಾಗ ಬಂದು, "ಕಿಟಕಿ ಪಕ್ಕದ ಹುಡುಗಿ ಎರಡು ಸಲ ಕೈ ಅರ್ಧ ಎತ್ತಿ ಇಳಿಸ್ಬಿಟ್ಲು. ಏನು ಕೇಳ್ಬೇಕಂತ ಇದ್ಲೋ, ನಿಮ್ಗೇನಾದ್ರೂ ಗೊತ್ತಾ?" ಎಂದರು.

ಗೊತ್ತಿರಲಿಲ್ಲ. ಅವಳು ಕೈ ಎತ್ತಿದ್ದನ್ನೇ ನಾನು ನೋಡಿರಲಿಲ್ಲ. ಆದರೆ ಆಗ ನನಗೆ ಬಂದದ್ದು ಸಿಟ್ಟು. ಅಷ್ಟು ಚೆನ್ನಾಗಿ ಮಾಡಿದ ಪಾಠದಲ್ಲಿ ಇವರಿಗೆ ಕಂಡಿದ್ದು ಅದೊಂದೇ ಏನು? ಮರುದಿನ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೆ. ಇನ್ನಿಬ್ಬರಿಗೂ ಅದೇ ಅನುಭವವಾಗಿತ್ತು. ಮೇಡಂ ಅವರಿಗೂ ಒಂದೊಂದು ಪ್ರಶ್ನೆ ಕೇಳಿ ಹೋಗಿದ್ದರು.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಕನ್ನಡ ಮೇಷ್ಟ್ರು. ರಿಟೈರ್ ಆಗಲು ಕೆಲವೇ ವರ್ಷ ಬಾಕಿಯಿತ್ತು. ಯಾರಿಗೂ ಹೆದರುವವರಲ್ಲ, ಯಾರ ಮನಸ್ಸನ್ನೂ ನೋಯಿಸುವವರೂ ಅಲ್ಲ. ಮುಂದಿನ ಮೀಟಿಂಗಿನಲ್ಲಿ ಅವರೇ ಎದ್ದು ನಿಂತರು.

"ಮೇಡಂ, ನೀವು ನಮ್ಮ ಕ್ಲಾಸಿಗೆ ಬಂದು ಕೂರ್ತೀರಿ. ಬೇಡ ಅನ್ನೋಕೆ ನಾವ್ಯಾರು. ನಿಮ್ಮ ಪಾಠಕ್ಕೆ ನಾವೂ ಬಂದು ಕೂತ್ಕೋಬೋದಾ?"

ಎಲ್ಲರೂ ಟೇಬಲ್ ನೋಡತೊಡಗಿದರು. ಮೇಡಂ ಟೈಮ್‌ಟೇಬಲ್ ಎಳೆದುಕೊಂಡು ನೋಡಿದರು. "ಬನ್ನಿ ಸಾರ್. ಬುಧವಾರ ಏಳನೇ ಕ್ಲಾಸಿಗೆ ಗಣಿತ ತಗೋತೀನಿ. ನಂಗೆ ಕಷ್ಟ ಅನ್ನಿಸೋ ಪಾಠನೇ ತಗೋತೀನಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಕ್ಲಾಸು. ನಿಮ್ಮ ಪರ್ಮಿಷನ್ ಬೇಕು," ಎಂದರು.

ಪಾಠ ಭಿನ್ನರಾಶಿಗಳ ಭಾಗಾಕಾರ. ಅವತ್ತಿನಿಂದ ಬುಧವಾರದವರೆಗೆ ಊಟದ ಹೊತ್ತಿನಲ್ಲಿ ಅವರು ಡಬ್ಬಿ ಹಿಡಿದು ನನ್ನ ಟೇಬಲ್ಲಿಗೆ ಬರುತ್ತಿದ್ದರು. "ನೀವು ಇದನ್ನ ಹೇಗೆ ಹೇಳ್ಕೊಡ್ತೀರಿ?" ಎಂದು ಕೇಳುತ್ತಿದ್ದರು. ಎರಡನೇ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸಿದರೆ ಆಯಿತು ಎಂದು ನಾನು ಹೇಳಿದೆ. "ಅದು ಸರಿ. ಯಾಕೆ ತಲೆಕೆಳಗು ಮಾಡ್ಬೇಕು ಅಂತ ಮಕ್ಕಳು ಕೇಳಲ್ವಾ?" ಎಂದರು. ಕೇಳುವುದಿಲ್ಲ ಎಂದೆ. ಅದು ನಿಜವೇ ಆಗಿತ್ತು. ನನ್ನ ಕ್ಲಾಸಿನಲ್ಲಿ ಯಾರೂ ಕೇಳಿರಲಿಲ್ಲ.

ಬುಧವಾರ ಕೊನೆಯ ಪೀರಿಯಡ್. ಅವರೇ ಹೇಳಿ ಉಳಿದ ಕ್ಲಾಸುಗಳನ್ನು ಆಟಕ್ಕೆ ಬಿಡಿಸಿದ್ದರು. ನಾವು ಏಳೆಂಟು ಜನ ಗೋಡೆಗೆ ಒರಗಿದ ಕುರ್ಚಿಗಳಲ್ಲಿ ಕೂತೆವು. ಮೇಡಂ ಬೋರ್ಡಿನ ಮೇಲೆ ಆರು ಹೋಳಿಗೆ ಬರೆದರು. ಒಬ್ಬೊಬ್ಬರಿಗೆ ಅರ್ಧ ಅರ್ಧ ಕೊಟ್ಟರೆ ಎಷ್ಟು ಜನಕ್ಕೆ ಆಗುತ್ತದೆ? ಮಕ್ಕಳು ಹನ್ನೆರಡು ಎಂದರು. ಆರನ್ನು ಅರ್ಧದಿಂದ ಭಾಗಿಸಿದರೆ ಹನ್ನೆರಡು. ಭಾಗ ಮಾಡಿದರೂ ಉತ್ತರ ದೊಡ್ಡದಾಗಿದ್ದು ಯಾಕೆಂದು ಮಕ್ಕಳಿಗೆ ಕಣ್ಣಿಗೇ ಕಂಡಿತು. ಪಾಠ ಚೆನ್ನಾಗಿ ಹೋಗುತ್ತಿತ್ತು. ವಿಜ್ಞಾನದ ಟೀಚರ್ ನನ್ನನ್ನು ನೋಡಿ ಹುಬ್ಬೇರಿಸಿದಳು.

ಆಮೇಲೆ ಮೇಡಂ ಒಂದು ಹೋಳಿಗೆ ಬರೆದು ಅದರ ಕಾಲು ಭಾಗ ಅಳಿಸಿದರು. ಈಗ ಮುಕ್ಕಾಲು ಹೋಳಿಗೆ ಇದೆ. ಅದನ್ನು ಅರ್ಧದಿಂದ ಭಾಗಿಸಿ ಎಂದರು. ಮಕ್ಕಳು ಲೆಕ್ಕ ಮಾಡಿ ಒಂದೂವರೆ ಎಂದರು. ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದಳು.

"ಮಿಸ್, ಇದ್ದಿದ್ದೇ ಮುಕ್ಕಾಲು ಹೋಳಿಗೆ. ಒಂದೂವರೆ ಎಲ್ಲಿಂದ ಬಂತು?"

ಮೇಡಂ ಬೋರ್ಡ್ ನೋಡಿದರು. "ತಲೆಕೆಳಗು ಮಾಡಿ ಗುಣಿಸಿದ್ರೆ ಬರತ್ತಲ್ಲಮ್ಮ," ಎಂದರು.

"ಬರತ್ತೆ ಮಿಸ್. ಆದ್ರೆ ಒಂದೂವರೆ ಏನು? ಒಂದೂವರೆ ಹೋಳಿಗೆನಾ?"

ಮಕ್ಕಳು ನಕ್ಕರು. ಮೇಡಂ ಹೋಳಿಗೆಯ ಮೇಲೆ ಒಂದು ಗೆರೆ ಎಳೆದರು, ಅಳಿಸಿದರು, ಮತ್ತೆ ಎಳೆದರು. ನಮ್ಮೆಲ್ಲರ ಎದುರು ಒಬ್ಬ ಪ್ರಿನ್ಸಿಪಾಲರು ಹಾಗೆ ನಿಂತದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಉತ್ತರ ನಾನು ಹೇಳಿಬಿಡೋಣ ಎಂದು ಬಾಯಿ ತೆರೆಯಲು ಹೋದೆ. ಆಗ ಗೊತ್ತಾಯಿತು, ಹೇಳಲು ನನ್ನ ಹತ್ತಿರವೂ ಏನೂ ಇರಲಿಲ್ಲ. ಇಷ್ಟು ವರ್ಷ ಆ ಲೆಕ್ಕ ಮಾಡಿಸಿದ್ದೆ. ಆ ಒಂದೂವರೆ ಏನು ಎಂದು ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ.

"ನಂಗೆ ಇದಕ್ಕೆ ಸರಿಯಾಗಿ ಹೇಳಕ್ಕೆ ಗೊತ್ತಾಗ್ತಿಲ್ಲ ಪುಟ್ಟಿ," ಎಂದರು ಮೇಡಂ. "ಒಳ್ಳೆ ಪ್ರಶ್ನೆ ಕೇಳಿದ್ದೀಯ. ನಾಳೆ ತಿಳ್ಕೊಂಡು ಬಂದು ಹೇಳ್ತೀನಿ." ಆ ಹುಡುಗಿ ಸರಿ ಮಿಸ್ ಎಂದು ಕೂತಳು, ಅದು ದಿನಾ ನಡೆಯುವ ಸಂಗತಿಯೇನೋ ಎಂಬಂತೆ. ಬೆಲ್ ಹೊಡೆಯಿತು.

ಮಕ್ಕಳು ಹೋದಮೇಲೆ ಮೇಡಂ ನಮ್ಮನ್ನು ಕಳಿಸಲಿಲ್ಲ. ಒಂದು ಬೆಂಚಿನಲ್ಲಿ ಕಷ್ಟಪಟ್ಟು ಕೂತು, ಮಂಡಿ ನೀವಿಕೊಂಡು, "ಎಲ್ಲಿ ತಪ್ಪಿತು ಹೇಳಿ. ನನ್ನ ಮುಖ ನೋಡ್ಬೇಡಿ, ಬೋರ್ಡ್ ನೋಡಿ ಹೇಳಿ," ಎಂದರು.

ಸವಾಲು ಹಾಕಿದ್ದ ಕನ್ನಡ ಮೇಷ್ಟ್ರೇ ಮೊದಲು ಬಾಯಿ ಬಿಟ್ಟರು. ಅವರ ದನಿಯಲ್ಲಿ ಗೆದ್ದ ಭಾವವಿರಲಿಲ್ಲ.

"ನಂಗೆ ಲೆಕ್ಕ ಬರಲ್ಲ ಮೇಡಂ. ಆದ್ರೆ ಆ ಮಗು ಕೇಳಿದ್ದು ಲೆಕ್ಕ ಅಲ್ಲ ಅನ್ಸತ್ತೆ. ಒಂದೂವರೆ ಅಂದ್ರೆ ವಿಶೇಷಣ ಆಯ್ತು. ಅದರ ಮುಂದಿನ ನಾಮಪದ ಯಾವ್ದು ಅಂತ ಕೇಳ್ತಿದಾಳೆ."

ನಾನು ಎದ್ದು ಬೋರ್ಡಿನ ಹತ್ತಿರ ಹೋದೆ. ಮುಕ್ಕಾಲು ಹೋಳಿಗೆಯಲ್ಲಿ ಅರ್ಧ ಹೋಳಿಗೆಯ ಒಂದು ತುಂಡು ಬಿಡಿಸಿದೆ. ಉಳಿದದ್ದು ಕಾಲು. ಕಾಲು ಎಂದರೆ ಅಂಥ ತುಂಡಿನ ಅರ್ಧ. "ಒಂದೂವರೆ ತುಂಡು," ಎಂದೆ. "ಒಬ್ಬರ ಪಾಲು ಅರ್ಧ ಹೋಳಿಗೆ ಅಂದ್ರೆ, ಇಲ್ಲಿರೋದು ಒಂದೂವರೆ ಪಾಲು. ಹೋಳಿಗೆ ಅಲ್ಲ, ಪಾಲು." ಹೇಳುತ್ತಿದ್ದಂತೆ ನನಗೇ ಮೈ ಹಗುರಾಯಿತು. ಹಿಂದೆ ಯಾರೋ ಆಹಾ ಎಂದರು. ವಿಜ್ಞಾನದ ಟೀಚರ್ ತಾನಾಗಿಯೇ, "ನಂಗೂ ಒಂದು ಇದೆ, ಹೇಳ್ಲಾ? ತೂಕಕ್ಕೂ ದ್ರವ್ಯರಾಶಿಗೂ ವ್ಯತ್ಯಾಸ ಹೇಳ್ಕೊಡುವಾಗ ನಂಗೇ ಗೊಂದಲ ಆಗತ್ತೆ," ಎಂದಳು. ನಾವು ಮನೆಗೆ ಹೊರಟಾಗ ಅಂಗಳದಲ್ಲಿ ಮಕ್ಕಳು ಒಬ್ಬರೂ ಇರಲಿಲ್ಲ.

ಮರುದಿನ ಮೇಡಂ ಏಳನೇ ಕ್ಲಾಸಿಗೆ ಹೋಗಿ ಆ ಹುಡುಗಿಗೆ ಉತ್ತರ ಹೇಳಿದರು. ಅದನ್ನು ಯಾರಿಂದ ಕಲಿತೆ ಎಂಬುದನ್ನೂ ಮಕ್ಕಳಿಗೆ ಹೇಳಿದರಂತೆ.

ಬುಧವಾರದ ಕೊನೆಯ ಪೀರಿಯಡ್ ಹಾಗೆ ಶುರುವಾಯಿತು. ಆ ಹೊತ್ತು ಚಿಕ್ಕ ಮಕ್ಕಳು ಮನೆಗೆ ಹೋಗುತ್ತಿದ್ದರು, ದೊಡ್ಡವರಿಗೆ ಆಟ ಮತ್ತು ಲೈಬ್ರರಿ. ನಾವು ಯಾವುದಾದರೂ ಕ್ಲಾಸಿನಲ್ಲಿ ಸೇರಿ, ಆ ವಾರ ಎಲ್ಲಿ ಎಡವಿದೆವು ಎಂದು ಮಾತಾಡುತ್ತಿದ್ದೆವು. ಕೆಲವು ವಾರ ಬರೀ ಗೊಣಗಾಟದಲ್ಲಿ ಮುಗಿಯುತ್ತಿತ್ತು. ಒಮ್ಮೆ ಇಬ್ಬರು ಇಂಗ್ಲಿಷ್ ಟೀಚರ್‌ಗಳು ಸ್ಪೆಲ್ಲಿಂಗ್ ತಿದ್ದುವ ಬಗ್ಗೆ ಜಗಳವಾಡಿ ಎರಡು ದಿನ ಮಾತು ಬಿಟ್ಟರು. ಮೇಡಂ ಇಬ್ಬರನ್ನೂ ಕಾಫಿಗೆ ಕರೆದರು, ರಾಜಿ ಮಾಡಿಸಲಿಲ್ಲ, ಬರೀ ಕಾಫಿ ಕೊಟ್ಟು ಕಳಿಸಿದರು.

ಅದಕ್ಕಿಂತ ನನಗೆ ಹೆಚ್ಚು ಉಪಯೋಗವಾದದ್ದು ಅವರು ಮಾಡಿದ ಇನ್ನೊಂದು ಏರ್ಪಾಟು. ಒಂದು ಬೆಳಿಗ್ಗೆ ನನ್ನ ಹತ್ತಿರ ಬಂದು, "ಮೂರನೇ ಪೀರಿಯಡ್ ನಿಮ್ಮ ಎಂಟನೇ ಕ್ಲಾಸನ್ನ ನಾನು ನೋಡ್ಕೋತೀನಿ. ನೀವು ಹೋಗಿ ಮೇಷ್ಟ್ರ ಕ್ಲಾಸಲ್ಲಿ ಕೂತ್ಕೊಳ್ಳಿ," ಎಂದರು.

"ಕನ್ನಡ ಕ್ಲಾಸಲ್ಲಿ ನಾನು ಏನು ಮಾಡ್ಲಿ ಮೇಡಂ?"

"ಏನೂ ಮಾಡ್ಬೇಡಿ. ಕಿಟಕಿ ಪಕ್ಕದ ಹುಡುಗಿ ಅಲ್ಲಿ ಹೇಗಿರ್ತಾಳೆ ನೋಡ್ಕೊಂಡು ಬನ್ನಿ."

ಹೋದೆ. ನನ್ನ ಕ್ಲಾಸಿನಲ್ಲಿ ಕೈಯನ್ನು ಅರ್ಧಕ್ಕೇ ಇಳಿಸುತ್ತಿದ್ದ ಆ ಒಂಬತ್ತನೇ ಕ್ಲಾಸಿನ ಹುಡುಗಿ ಅಲ್ಲಿ ಎದ್ದು ನಿಂತು ಮೇಷ್ಟ್ರ ಜೊತೆ ವಾದ ಮಾಡುತ್ತಿದ್ದಳು. ಪದ್ಯದ ಒಂದು ಸಾಲಿಗೆ ಅವರು ಹೇಳಿದ ಅರ್ಥ ಅವಳಿಗೆ ಒಪ್ಪಿಗೆಯಿರಲಿಲ್ಲ. ಮೇಷ್ಟ್ರು ಪ್ರಶ್ನೆ ಕೇಳಿದರೆ ಸುಮ್ಮನೆ ನಿಂತುಬಿಡುತ್ತಿದ್ದರು. ಕನ್ನಡಕ ಒರೆಸುತ್ತಿದ್ದರು, ಕಿಟಕಿಯಾಚೆ ನೋಡುತ್ತಿದ್ದರು, ಯಾರನ್ನೂ ಅವಸರ ಮಾಡುತ್ತಿರಲಿಲ್ಲ. ಆ ಮೌನ ನನಗೆ ಸಹಿಸಲಾಗದಷ್ಟು ಉದ್ದ ಅನ್ನಿಸುತ್ತಿತ್ತು. ಮಕ್ಕಳಿಗೆ ಹಾಗೆ ಅನ್ನಿಸುತ್ತಿರಲಿಲ್ಲ. ಅದರೊಳಗಿಂದಲೇ ಒಂದೊಂದು ಕೈ ಮೇಲೇಳುತ್ತಿತ್ತು.

ಮರುದಿನ ನಾನೂ ಹಾಗೆ ಕಾಯಲು ನೋಡಿದೆ. ಆಗಲಿಲ್ಲ. ಪ್ರಶ್ನೆ ಕೇಳಿ, ಉಸಿರು ಬಿಡುವಷ್ಟರಲ್ಲಿ ಉತ್ತರ ನಾನೇ ಹೇಳಿಬಿಟ್ಟಿದ್ದೆ. ಹಲವು ದಿನ ಹಾಗೇ ಆಯಿತು. ಕೊನೆಗೆ ಮೇಷ್ಟ್ರನ್ನೇ ಕೇಳಿದೆ. "ಮಾತು ಬಂದ್ಬಿಡತ್ತೆ ಅನ್ನೋ ಹೊತ್ಗೆ ಹಿಂದಿನ ಗೋಡೆವರೆಗೂ ನಡ್ಕೊಂಡು ಹೋಗ್ಬಿಡಿ ಮಿಸ್," ಎಂದರು. ನಡೆದೆ. ಗೋಡೆ ಮುಟ್ಟಿ ತಿರುಗಿದಾಗ ಆ ಹುಡುಗಿಯ ಕೈ ಪೂರ್ತಿ ಮೇಲಿತ್ತು. ಅವಳು ಕೇಳಿದ್ದು ದೊಡ್ಡ ಪ್ರಶ್ನೆಯೇನಲ್ಲ. ಏಳನೇ ಕ್ಲಾಸಿನ ಪಾಠದಲ್ಲಿ ಬಿಟ್ಟುಹೋಗಿದ್ದ ಒಂದು ಸಣ್ಣ ಕೊಂಡಿ. ಆನ್‌ಲೈನ್ ಕಾಲದಲ್ಲಿ ಮನೆಯಲ್ಲಿದ್ದದ್ದು ಒಂದೇ ಫೋನು, ಅದು ಅಣ್ಣನ ಕ್ಲಾಸಿಗೆ ಹೋಗುತ್ತಿತ್ತು ಎಂದು ಆಮೇಲೆ ಹೇಳಿದಳು.

ಎಲ್ಲರೂ ಇದಕ್ಕೆ ಒಗ್ಗಿಕೊಳ್ಳಲಿಲ್ಲ. ಹಿಂದಿ ಟೀಚರ್ ತಮ್ಮ ಕ್ಲಾಸಿಗೆ ಯಾರನ್ನೂ ಬಿಟ್ಟುಕೊಳ್ಳಲಿಲ್ಲ, ಬುಧವಾರ ಬಂದರೂ ಒಂದು ಮೂಲೆಯಲ್ಲಿ ಕೂತು ಎದ್ದು ಹೋಗುತ್ತಿದ್ದರು. ಮೇಡಂ ಅವರನ್ನು ಒಮ್ಮೆಯೂ ಒತ್ತಾಯಿಸಲಿಲ್ಲ. ಅವರಿಗೆ ಮಾತ್ರ ಯಾಕೆ ಈ ರಿಯಾಯಿತಿ ಎಂದು ನಾನು ಒಂದು ದಿನ ಕೇಳಿದೆ.

"ಅವರ ಮನೇಲಿ ಅತ್ತೆ ಹಾಸಿಗೆ ಹಿಡಿದಿದಾರೆ. ಬೆಳಿಗ್ಗೆ ಎದ್ದು ಅಷ್ಟೂ ಮಾಡಿಟ್ಟು, ಎರಡು ಬಸ್ ಹತ್ತಿ ಉತ್ತರಹಳ್ಳಿಯಿಂದ ಬರ್ತಾರೆ. ಈ ವರ್ಷ ಅವರು ಪಾಠ ತಪ್ಪಿಸ್ದೆ ಬಂದ್ರೆ ಸಾಕು ನಂಗೆ," ಎಂದರು. ಅಷ್ಟು ವರ್ಷ ಒಂದೇ ರೂಮಿನಲ್ಲಿ ಕೂತಿದ್ದರೂ ನನಗೆ ಆ ವಿಷಯ ಗೊತ್ತಿರಲಿಲ್ಲ.

ತೊಂದರೆ ಬಂದದ್ದು ಟ್ರಸ್ಟಿನ ಕಡೆಯಿಂದ. ಅಡ್ಮಿಷನ್ ಸಮಯದಲ್ಲಿ ಒಬ್ಬ ತಂದೆ ಮಗುವನ್ನು ಸೇರಿಸಲು ಬಂದರು. ಮೇಡಂ ಆಗ ಯಾರದೋ ಬದಲು ಐದನೇ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದರು. ಕಾದು ಬೇಸತ್ತ ಆ ತಂದೆ ಸೀದಾ ಟ್ರಸ್ಟಿನ ಕಾರ್ಯದರ್ಶಿಗಳಿಗೆ ಫೋನ್ ಮಾಡಿ ದೂರಿದರು. ಬುಧವಾರ ಮಕ್ಕಳು ಬೇಗ ಮನೆಗೆ ಬರುತ್ತಾರೆ, ನಾವು ಆಫೀಸಿನಲ್ಲಿರುತ್ತೇವೆ ಎಂದು ಕೆಲವು ತಾಯಂದಿರು ದೂರಿದ್ದೂ ಅದರ ಜೊತೆ ಸೇರಿತು. ಒಂದು ಬುಧವಾರ, ನಾವೆಲ್ಲ ಕೂತಿರುವಾಗಲೇ ಕಾರ್ಯದರ್ಶಿಗಳು ಬಂದರು. ಬ್ಯಾಂಕಿನಿಂದ ರಿಟೈರ್ ಆಗಿ ಜಯನಗರದಲ್ಲಿರುವವರು, ಶಾಲೆಯ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿದ್ದವರು.

"ನೋಡಿಮ್ಮಾ, ನಾಲ್ಕು ಹೊಸ ಸ್ಕೂಲು ಬಂದಿದೆ ಸುತ್ತಮುತ್ತ. ಒಂದೊಂದು ಅಡ್ಮಿಷನ್ನೂ ನಮ್ಗೆ ಮುಖ್ಯ," ಎಂದರು. "ಪ್ರಿನ್ಸಿಪಾಲ್ ಅಂದ್ಮೇಲೆ ಆಫೀಸಲ್ಲಿ ಸಿಗ್ಬೇಕು. ಟೀಚರ್ಸ್‌ಗೆ ಟ್ರೈನಿಂಗ್ ನಾವು ಕೊಡಿಸ್ತೀವಲ್ಲ, ಹೋಟೆಲಲ್ಲಿ, ಊಟ ಸಮೇತ. ಇದೇನಿದ್ರೂ ಶನಿವಾರ ಮಧ್ಯಾಹ್ನ ಮಾಡ್ಕೊಳ್ಳಿ."

"ಶನಿವಾರ ಮಧ್ಯಾಹ್ನ ಅವರು ಮನೆಗೆ ಹೋಗ್ಬೇಕು ಸಾರ್," ಎಂದರು ಮೇಡಂ. ದನಿ ಮೆದುವಾಗಿಯೇ ಇತ್ತು. "ಅವರು ಕಲಿಯೋದು ಶಾಲೆ ಕೆಲಸನೇ. ಕೆಲಸ ಎಲ್ಲ ಮುಗಿದ್ಮೇಲೆ ಮಾಡಿ ಅಂತ ಹೇಳೋಕೆ ನಂಗೆ ಮನಸ್ಸು ಬರಲ್ಲ. ತಾಯಂದಿರು ಹೇಳಿದ್ದು ನ್ಯಾಯ. ಚಿಕ್ಕ ಮಕ್ಕಳನ್ನ ಬೇಗ ಕಳಿಸಲ್ಲ, ಆಟಕ್ಕೆ ಇಟ್ಕೋತೀವಿ. ಆದ್ರೆ ಈ ಪೀರಿಯಡ್ ನಂಗೆ ಬೇಕು. ನೀವು ಇವತ್ತು ಬಂದಿದ್ದೀರಲ್ಲ, ಕೂತ್ಕೊಂಡು ನೋಡಿ, ಆಮೇಲೆ ಹೇಳಿ."

ಕಾರ್ಯದರ್ಶಿಗಳು ಛತ್ರಿಯನ್ನು ಮೊಣಕಾಲ ನಡುವೆ ಊರಿಕೊಂಡು ಹಿಂದೆ ಕೂತರು. ಅವತ್ತು ಮೂರನೇ ಕ್ಲಾಸಿನ ಟೀಚರ್ ಒಬ್ಬ ಹುಡುಗನ ಬಗ್ಗೆ ಮಾತಾಡಿದಳು. ಅವನು ಗಟ್ಟಿಯಾಗಿ ಓದುತ್ತಾನೆ, ಓದಿದ್ದು ಏನೆಂದು ಕೇಳಿದರೆ ಬಾಯಿ ಬಿಡುವುದಿಲ್ಲ, ನನಗೆ ಏನು ಮಾಡಲೂ ತೋಚುತ್ತಿಲ್ಲ ಎಂದಳು. ಒಬ್ಬೊಬ್ಬರು ಒಂದೊಂದು ಸಲಹೆ ಕೊಟ್ಟರು. ಮನೆಮಾತು ಯಾವುದೆಂದು ಮೇಷ್ಟ್ರು ಕೇಳಿದರು. ತೆಲುಗು ಎಂದಳು. ಹಾಗಾದರೆ ಓದಿದ ಕಥೆಯನ್ನು ತೆಲುಗಿನಲ್ಲೇ ಹೇಳಲಿ, ಮೊದಲು ಅವನಿಗೆ ಅರ್ಥವಾಗಿದೆಯೇ ನೋಡೋಣ ಎಂದರು ಮೇಡಂ. ತೆಲುಗು ಬರುವ ಆಯಮ್ಮ ಒಬ್ಬರು ಶಾಲೆಯಲ್ಲಿದ್ದರು, ಅವರನ್ನು ಜೊತೆಗೆ ಕೂರಿಸುವುದು ಎಂದಾಯಿತು.

ಎಲ್ಲ ಮುಗಿದಮೇಲೆ ಕಾರ್ಯದರ್ಶಿಗಳು ಎದ್ದರು. ಸ್ವಲ್ಪ ಹೊತ್ತು ಛತ್ರಿಯ ಹಿಡಿ ತಿರುಗಿಸುತ್ತ ನಿಂತರು. "ಬುಧವಾರ ಈ ಹೊತ್ತು ಆಫೀಸಲ್ಲಿ ನಾನು ಬಂದು ಕೂತ್ಕೋತೀನಿ," ಎಂದರು. "ಪೇರೆಂಟ್ಸ್ ಬಂದ್ರೆ ನಾನು ಮಾತಾಡ್ತೀನಿ. ಆದ್ರೆ ಬಾಕಿ ದಿನ ನೀವು ಸಿಗ್ಬೇಕಮ್ಮ." ಬಾಕಿ ದಿನ ಕ್ಲಾಸಿಗೆ ಹೋಗುವಾಗ ಆಫೀಸಿನಲ್ಲಿ ಹೇಳಿ ಹೋಗುತ್ತೇನೆ, ಯಾರಾದರೂ ಬಂದರೆ ಕರೆಸಲಿ ಎಂದು ಮೇಡಂ ಒಪ್ಪಿದರು. ಕಾರ್ಯದರ್ಶಿಗಳೂ ಮಾತಿಗೆ ತಪ್ಪಲಿಲ್ಲ. ಬುಧವಾರ ಆಟೋದಲ್ಲಿ ಬಂದು ಮೇಡಂ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು.

ವಿಜ್ಞಾನದ ಟೀಚರ್ ಜೆಪಿ ನಗರದ ಒಂದು ದೊಡ್ಡ ಶಾಲೆಗೆ ಹೆಚ್ಚಿನ ಸಂಬಳಕ್ಕೆ ಹೋದಳು. ಇಷ್ಟೆಲ್ಲ ಕಲಿಸಿದ ಮೇಲೆ ಹೊರಟುಬಿಟ್ಟಳಲ್ಲ ಎಂದು ನಾನು ಬೇಸರಪಟ್ಟುಕೊಂಡೆ. "ಅಲ್ಲೂ ಮಕ್ಕಳೇ ಇರೋದು," ಎಂದರು ಮೇಡಂ. ಆದರೆ ಬೀಳ್ಕೊಡುವ ದಿನ ಅವಳ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಆಮೇಲೆ ಕನ್ನಡ ಮೇಷ್ಟ್ರು ರಿಟೈರ್ ಆದರು. ಹತ್ತನೇ ಕ್ಲಾಸಿನ ರಿಸಲ್ಟ್ ಆಕಾಶಕ್ಕೇನೂ ಏರಲಿಲ್ಲ. ಒಂದು ವರ್ಷ ಚೆನ್ನಾಗಿ ಬಂತು, ಇನ್ನೊಂದು ವರ್ಷ ಮೊದಲಿನಂತೆಯೇ ಬಂತು. ಬದಲಾಗಿದ್ದು ಸ್ಟಾಫ್ ರೂಮಿನ ಮಾತು. ಮಕ್ಕಳನ್ನು ಬೈಯುವುದು ಕಡಿಮೆಯಾಗಿ, ನನಗೆ ಇದು ಬರಲಿಲ್ಲ, ನೀವು ಹೇಗೆ ಮಾಡುತ್ತೀರಿ ಎಂದು ಕೇಳುವುದು ಜಾಸ್ತಿಯಾಗಿತ್ತು.

ಮಂಡಿಯ ಆಪರೇಷನ್‌ಗೆಂದು ಮೇಡಂ ಕೆಲಸ ಬಿಡಬೇಕಾಗಿ ಬಂದಾಗ, ಆ ಕುರ್ಚಿಗೆ ಟ್ರಸ್ಟಿನವರು ನನ್ನ ಹೆಸರು ಹೇಳಿದರು. ನಾನು ಒಪ್ಪಿದ್ದಕ್ಕೆ ಮುಖ್ಯ ಕಾರಣ, ಮೇಡಂ ಮಾಡಿದ್ದನ್ನೇ ಮಾಡಿಕೊಂಡು ಹೋದರಾಯಿತು ಎಂಬ ಧೈರ್ಯ.

ಜೂನ್ ತಿಂಗಳ ಆ ಮೊದಲ ವಾರ ನನಗೆ ಮರೆಯುವುದಿಲ್ಲ. ಬೆಳಿಗ್ಗೆ ಬಂದರೆ ಶಾಲೆ ವ್ಯಾನಿನ ಡ್ರೈವರ್ ಬಂದಿಲ್ಲ. ಅದನ್ನು ಸರಿ ಮಾಡುವಷ್ಟರಲ್ಲಿ ಹುಡುಗಿಯರ ಟಾಯ್ಲೆಟ್‌ನಲ್ಲಿ ನೀರಿಲ್ಲ. ಫೀಸಿಗೆ ಸಮಯ ಕೇಳಲು ಬಂದವರು, ಸೆಕ್ಷನ್ ಬದಲಿಸಿ ಎನ್ನುವವರು, ಇಲಾಖೆಯಿಂದ ಫೋನು, ಜಾರಿ ಬಿದ್ದ ಮಗುವಿನ ಮೊಣಕೈ. ಪ್ರತಿ ದಿನ ಯಾವುದಾದರೂ ಒಂದು ಕ್ಲಾಸಿನಲ್ಲಿ ಕೂರಬೇಕು ಅಂದುಕೊಂಡವಳು ಶುಕ್ರವಾರದವರೆಗೂ ಆಫೀಸಿನ ಬಾಗಿಲು ದಾಟಲಿಲ್ಲ. ಬುಧವಾರ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ.

ಶನಿವಾರ ಸಂಜೆ ಜಯನಗರದಲ್ಲಿರುವ ಮೇಡಂ ಮನೆಗೆ ಹೋದೆ. ಆಪರೇಷನ್ ಆಗಿ, ಕಾಲು ಚಾಚಿ ವರಾಂಡದಲ್ಲಿ ಕೂತಿದ್ದರು. ಅವರ ಯಜಮಾನರು ಕಾಫಿ ತಂದುಕೊಟ್ಟರು. ನನ್ನ ಗೋಳನ್ನೆಲ್ಲ ಹೇಳಿಕೊಂಡು, "ನೀವು ಇದನ್ನೆಲ್ಲ ಇಟ್ಕೊಂಡು ನಮ್ಮ ಕ್ಲಾಸಿಗೆ ಹೇಗೆ ಬರ್ತಿದ್ರಿ ಮೇಡಂ?" ಎಂದು ಕೇಳಿದೆ.

ಅವರು ನಗುತ್ತ ಯಜಮಾನರ ಕಡೆ ನೋಡಿದರು. ಉತ್ತರ ಹೇಳಿದ್ದು ಯಜಮಾನರು. "ಫೈಲೆಲ್ಲ ಮನೆಗೆ ಬರ್ತಿತ್ತಮ್ಮ. ಬೆಳಗಿನ ಜಾವ ಎದ್ದು ಸೈನ್ ಹಾಕ್ತಾ ಕೂರೋಳು. ಮಂಡಿ ನೋಯತ್ತೆ, ಮೆಟ್ಲು ಹತ್ಬೇಡ ಅಂತ ಡಾಕ್ಟ್ರು ಹೇಳಿ ಎಷ್ಟೋ ವರ್ಷ ಆಗಿತ್ತು. ನಿಮ್ಮ ಕ್ಲಾಸೆಲ್ಲ ಮೇಲ್ಗಡೆ ಅಲ್ವಾ?"

ನಮ್ಮ ಹೈಸ್ಕೂಲ್ ಕ್ಲಾಸುಗಳೆಲ್ಲ ಮೂರನೇ ಮಹಡಿಯಲ್ಲಿದ್ದವು. ನಾನು ಕಾಫಿ ಲೋಟ ಕೆಳಗಿಟ್ಟೆ.

"ನಮ್ಗೆ ಒಂದು ಮಾತು ಹೇಳ್ಬೋದಿತ್ತು ಮೇಡಂ."

"ಹೇಳಿದ್ರೆ ನೀವು ಬರೋದೇ ಬೇಡ ಅಂದ್ಬಿಡ್ತಿದ್ರಿ. ಅದಕ್ಕೇ ಕಾಯ್ತಿದ್ರಿ ಆಗ," ಎಂದರು. ನಾವು ಮೂವರೂ ನಕ್ಕೆವು. ಆಮೇಲೆ ಅವರು ಗಂಭೀರವಾದರು. "ಆದ್ರೆ ನೀವು ಹಾಗೆ ಮಾಡ್ಬೇಡಿ. ಎಲ್ಲಾನೂ ಒಬ್ಳೇ ಮಾಡಿದ್ದು ನಾನು ಮಾಡಿದ ತಪ್ಪು. ಟಾಯ್ಲೆಟ್ ನೀರು, ವ್ಯಾನು, ಇದನ್ನೆಲ್ಲ ನೋಡ್ಕೊಳ್ಳೋಕೆ ಆಫೀಸಲ್ಲಿ ಒಬ್ರಿಗೆ ಹೇಳ್ಕೊಡಿ. ಮೊದಮೊದಲು ತಪ್ಪು ಮಾಡ್ತಾರೆ. ಮಾಡ್ಲಿ. ಅವರೂ ಕಲೀಬೇಕಲ್ಲ."

ಸೋಮವಾರ ನಾನು ಆಫೀಸಿನ ಗುಮಾಸ್ತೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಅಲ್ಲಿಯವರೆಗೆ ಅವಳಿಗೆ ಯಾರೂ ರಸೀದಿ ಬರೆಯುವುದನ್ನು ಬಿಟ್ಟು ಬೇರೇನೂ ಹೇಳಿಕೊಟ್ಟಿರಲಿಲ್ಲ. ವ್ಯಾನಿನವರ ಜೊತೆ ಹೇಗೆ ಮಾತಾಡಬೇಕು, ಪ್ಲಂಬರ್ ಬರದಿದ್ದರೆ ಯಾರನ್ನು ಕರೆಯಬೇಕು, ಸಿಟ್ಟಾಗಿ ಬಂದ ಪೋಷಕರಿಗೆ ಮೊದಲು ಏನು ಹೇಳಬೇಕು ಎಂದು ಒಂದೊಂದಾಗಿ ಹೇಳಿಕೊಟ್ಟೆ. ಅವಳು ಹೆದರಿದ್ದಳು. "ಏನಾದ್ರೂ ತಪ್ಪಾದ್ರೆ ಮೇಡಂ?" ಎಂದು ಕೇಳಿದಳು. ಸಂಜೆ ಇಬ್ಬರೂ ಕೂತು ಮಾತಾಡೋಣ ಎಂದೆ. ಆಮೇಲೆ ಮೆಟ್ಟಿಲು ಹತ್ತಿ ಐದನೇ ಕ್ಲಾಸಿಗೆ ಹೋದೆ. ಅಲ್ಲಿನ ಹೊಸ ಟೀಚರ್‌ಗೆ ಬರುತ್ತೇನೆಂದು ಬೆಳಿಗ್ಗೆಯೇ ಹೇಳಿದ್ದೆ. ಆದರೂ ಅವಳ ಮುಖ ಬಿಳಿಚಿಕೊಂಡಿತು. ನಾನು ಹಿಂದಿನ ಬೆಂಚಿನಲ್ಲಿ ಮಕ್ಕಳನ್ನು ಸ್ವಲ್ಪ ಸರಿಸಿ ಕೂತೆ.